ದೋಹಾದಲ್ಲಿ ಒಂದು ಬೇಸ್ ಬೇಕಾಗಿತ್ತು

ವಿಮಾನ ನಿಲ್ದಾಣ

ಕತಾರಿನ ನೆಲದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಒಬ್ಬ ಅಪರಿಚಿತನನ್ನು ಕ್ಷಮಿಸಿದ್ದು.

ಸಾಮಾನು ಬರುವ ಪಟ್ಟಿಯ ಮುಂದೆ ನಮ್ಮ ಬ್ಯಾಂಡಿನವರೆಲ್ಲ ನಿಂತಿದ್ದೆವು. ಬಟ್ಟೆಯ ಪೆಟ್ಟಿಗೆಗಳು ಬಂದವು, ಕೀಬೋರ್ಡ್ ಬಂತು, ದಾರಿಯಲ್ಲಿ ಒಡೆದೇ ಒಡೆಯುತ್ತದೆ ಎಂದು ಎಲ್ಲರೂ ಶಪಿಸಿದ್ದ ಮಿಡಿ ಉಪ್ಪಿನಕಾಯಿಯ ಭರಣಿಯೂ ಮದುಮಗಳಂತೆ ಮೆಲ್ಲಗೆ ಬಂತು. ನನ್ನ ಬೇಸ್ ಗಿಟಾರ್ ಮಾತ್ರ ಬರಲಿಲ್ಲ. ಪಟ್ಟಿ ನಿಂತಿತು. ಅಲ್ಲಿದ್ದ ಸಮವಸ್ತ್ರದ ಮನುಷ್ಯ ನನ್ನ ಚೀಟಿಯನ್ನು ನೋಡಿ, ಒಳಗೆ ಹೋಗಿ ಬಂದು, ಎರಡೂ ಕೈ ಬಿಡಿಸಿ, "ಗಿಟಾರ್ ಮಾಫಿ, ಮೇಡಂ. ಮಾಫಿ" ಎಂದ.

ನಮ್ಮ ಕಡೆಯ ಪೇಪರು ಓದುವವರಿಗೆ ಮಾಫಿ ಎಂದರೆ ಸಾಲ ಮಾಫಿ. ಹಿಂದಿ ಪಾಠ ಓದಿದವರಿಗೆ ಕ್ಷಮೆ. ಪಾಪ, ತಡವಾದದ್ದಕ್ಕೆ ಇಷ್ಟು ವಿನಯದಿಂದ ಕ್ಷಮೆ ಕೇಳುತ್ತಿದ್ದಾನಲ್ಲ ಎಂದು ನನಗೆ ಕರುಳು ಚುರುಕ್ಕೆಂದಿತು. "ಪರವಾಗಿಲ್ಲ, ಪರವಾಗಿಲ್ಲ" ಎಂದು ಹಿಂದಿಯಲ್ಲಿ ಹೇಳಿ, ನಿಧಾನವಾಗಿ ತನ್ನಿ ಎಂದು ಸನ್ನೆ ಮಾಡಿ, ಬೆಂಚಿನ ಮೇಲೆ ಕುಳಿತೆ. ಅವನು ನನ್ನನ್ನು ನೋಡಿದ. ನಾನು ಕ್ಷಮೆಯ ನಗು ನಕ್ಕೆ. ಸ್ವಲ್ಪ ಹೊತ್ತಿನ ಮೇಲೆ ಅವನು ಮತ್ತೆ ಬಂದು ಇನ್ನೂ ಗಟ್ಟಿಯಾಗಿ "ಮಾಫಿ!" ಎಂದ. ಒಬ್ಬ ಮನುಷ್ಯ ಎಷ್ಟು ಸಲ ಕ್ಷಮೆ ಕೇಳಬಹುದು? ಅವನ ಒಳ್ಳೆಯತನಕ್ಕೆ ನಾನು ನಿಜಕ್ಕೂ ಮಾರುಹೋದೆ.

ಹೊರಗೆ ಕಾಯುತ್ತಿದ್ದ ನನ್ನ ಅಣ್ಣ ವಲೇರಿಯನ್ ಬರಿಗೈಯಲ್ಲಿ ಬಂದ ನನ್ನನ್ನು ನೋಡಿ, "ಬೇಸ್ ಎಲ್ಲಿ ಉಂಟು?" ಎಂದು ಕೇಳಿದ.

"ತಡ ಆಗ್ತದಂತೆ. ಪಾಪ, ಆ ಜನ ಎರಡೆರಡು ಸಲ ಮಾಫಿ ಕೇಳಿದ. ನಾನು ಕೊಟ್ಟೆ."

ಅಣ್ಣ ತಲೆಗೆ ಕೈ ಹಚ್ಚಿದ. ಆಮೇಲೆ ಉಪ್ಪಿನಕಾಯಿಯ ಭರಣಿಯನ್ನು ಅಪ್ಪಿಕೊಂಡು ಬಗ್ಗಿ ಬಗ್ಗಿ ನಕ್ಕ. "ಮಾರಾಯ್ತಿ, ಇಲ್ಲಿ ಮಾಫಿ ಅಂದ್ರೆ 'ಇಲ್ಲ' ಅಂತ! ನಿನ್ನ ಗಿಟಾರ್ ಇಲ್ಲ ಅಂತ ಅವ ಬಡ್ಕೊಳ್ತಾ ಇದ್ದಾನೆ, ನೀನು ಅವನಿಗೆ ಆಶೀರ್ವಾದ ಮಾಡಿ ಬಂದಿದ್ದಿ."

ಅವನ ನಗು ನೋಡಿ ನನಗೂ ನಗು ಬಂತು. ಆದರೆ ಅದು ಅರ್ಧಕ್ಕೇ ನಿಂತಿತು, ಏಕೆಂದರೆ ಕಳೆದುಹೋದ ಆ ಬೇಸ್ ನನ್ನದಲ್ಲ, ಅವನದು.

ಆ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ಉಡುಪಿಯ ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮನೆಮಾತು ಕೊಂಕಣಿ. ಊರಿನ ಕ್ರೈಸ್ತ ಮದುವೆಗಳಲ್ಲಿ ನಮ್ಮ ಮನೆಯವರದೇ ಒಂದು ಬ್ಯಾಂಡ್ ಇದೆ. ಹೆಸರು ಬರೆದರೆ ನೀವು ಮದುವೆಗೆ ಕರೆಯುತ್ತೀರಿ, ಬೇಡ. ಅದರಲ್ಲಿ ಬೇಸ್ ನುಡಿಸುತ್ತಿದ್ದವನು ಅಣ್ಣ. ದೋಹಾದಲ್ಲಿ ಗುಮಾಸ್ತನ ಕೆಲಸ ಸಿಕ್ಕಿದಾಗ ಮದುವೆಯ ಸೀಸನ್ ಎದುರಿಗೇ ಇತ್ತು. ಹೋಗುವ ಮೊದಲು ಹಾಡುಗಳನ್ನೆಲ್ಲ ನನಗೆ ಗಡಿಬಿಡಿಯಲ್ಲಿ ಕಲಿಸಿ, ಬೇಸನ್ನು ನನ್ನ ಕುತ್ತಿಗೆಗೆ ಹಾಕಿ, "ನನಗಿನ್ನು ಇದು ಸಾಕು" ಎಂದು ವಿಮಾನ ಹತ್ತಿದ. ಅಂದಿನಿಂದ ಅವನು ತಂತಿ ಮುಟ್ಟಿಲ್ಲ. ನಾನು ಸೀರೆಯ ಸೆರಗಿಗೆ ಎರಡು ಪಿನ್ ಹೆಚ್ಚಿಗೆ ಚುಚ್ಚಿ ನುಡಿಸುತ್ತಲೇ ಬಂದೆ. ಅವನಿಗೆ ರಜೆ ಸಿಗುವುದು ಯಾವಾಗಲೂ ಆಟಿ ತಿಂಗಳ ಮಳೆಗಾಲದಲ್ಲಿ. ಆಗ ನಮ್ಮಲ್ಲಿ ಮದುವೆಗಳಿಲ್ಲ. ಹಾಗಾಗಿ ಬ್ಯಾಂಡಿನ ಜೊತೆ ನಾನು ನುಡಿಸಿದ್ದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ದೋಹಾದ ಕರಾವಳಿಯವರು ಶುಕ್ರವಾರದ ಸಂಜೆಗೆ ನಮ್ಮನ್ನು ಕರೆಸಿದಾಗ ಎಲ್ಲರಿಗೂ ವಿದೇಶ ನೋಡುವ ಆಸೆ. ನನಗೆ ಇದ್ದದ್ದು ಒಂದೇ ಆಸೆ, ಅಣ್ಣ ನನ್ನನ್ನು ಕೇಳಬೇಕು.

ಅಲ್ ಸದ್ದ್

ಅಣ್ಣನ ಬಾಡಿಗೆ ಮನೆ ಅಲ್ ಸದ್ದಿನಲ್ಲಿ. ಅಲ್ಲಿ ನನಗೆ ಮೊದಲ ದಿನವೇ ಹುಚ್ಚು ಹಿಡಿಸಿದ್ದು ಚಹಾ ಕುಡಿಯುವ ರೀತಿ. ಕಾರನ್ನು ಅಂಗಡಿಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದರೆ ಸಾಕು, ಒಳಗಿನಿಂದ ಒಬ್ಬ ಮಲಯಾಳಿ ಓಡಿಬಂದು ಕಿಟಕಿಯಲ್ಲಿ ಏಲಕ್ಕಿಯ ಘಮದ ಗಟ್ಟಿ ಚಹಾ ಕೊಡುತ್ತಾನೆ. ನಮ್ಮೂರಿನ ಹೋಟೆಲಿನ ಮುಂದೆ ಹಾಗೆ ಹಾರ್ನ್ ಹೊಡೆದು ನೋಡಿ! ಚಹಾ ಅಲ್ಲ, ನಿಮ್ಮ ಏಳು ತಲೆಮಾರಿನ ವಿಚಾರಣೆ ಕಿಟಕಿಗೆ ಬರುತ್ತದೆ. ನಾನು ಅಣ್ಣನಿಂದ ಮತ್ತೆ ಮತ್ತೆ ಹಾರ್ನ್ ಹೊಡೆಸಿ, ಹೊಟ್ಟೆ ಉಬ್ಬರಿಸುವ ತನಕ ಚಹಾ ಕುಡಿದೆ.

ಗಿಟಾರ್ ಎಲ್ಲಿದೆ ಎಂದು ವಿಮಾನದವರಿಗೂ ಗೊತ್ತಿರಲಿಲ್ಲ. ಶುಕ್ರವಾರಕ್ಕೆ ಸೆಕೆಂಡ್ ಹ್ಯಾಂಡ್ ಒಂದನ್ನು ಕೊಳ್ಳುವುದು, ಆಮೇಲೆ ಮಾರಿಬಿಡುವುದು ಎಂದು ಸ್ಟ್ಯಾನಿ ಬಾಪ್ಪು ತೀರ್ಮಾನಿಸಿದರು. ಬಾಪ್ಪು ಎಂದರೆ ಚಿಕ್ಕಪ್ಪ. ನಮ್ಮ ಬ್ಯಾಂಡಿನ ಗಾಯಕರೂ ಯಜಮಾನರೂ ಅವರೇ. ಆ ಊರು ಬಿಟ್ಟುಹೋಗುವವರೆಲ್ಲ ತಮ್ಮ ಸಾಮಾನುಗಳ ಚೀಟಿಯನ್ನು ಸೂಪರ್ ಮಾರ್ಕೆಟ್ಟಿನ ಬಾಗಿಲ ಬಳಿಯ ಹಲಗೆಗೆ ಅಂಟಿಸುತ್ತಾರೆ. ಫ್ರಿಜ್, ಕಾರು, ಮಗುವಿನ ತೊಟ್ಟಿಲು, ಗಿಳಿಯ ಪಂಜರ. ಅವುಗಳ ನಡುವೆ ಬಾಪ್ಪು ಒಂದು ಚೀಟಿ ಕಿತ್ತು, ಲಾಟರಿ ಹೊಡೆದವರಂತೆ ಕೂಗಿದರು. ಇಂಗ್ಲಿಷಿನಲ್ಲಿ ಕೈಬರಹ: "ಬೇಸ್ ಮಾರಾಟಕ್ಕಿದೆ. ಒಳ್ಳೆಯ ಸ್ಥಿತಿ." ಸ್ಪೆಲಿಂಗ್ ತಪ್ಪಿತ್ತು. ನಾನು ಟೀಚರ್, ಕಣ್ಣಿಗೆ ಬಿತ್ತು. ಆದರೆ ಊರಿನಲ್ಲಿ ನಮ್ಮ ಬ್ಯಾಂಡಿನ ಬೋರ್ಡಿನಲ್ಲೂ ಅದೇ ತಪ್ಪು ಇದೆ. ಹಾಗಾಗಿ ಬಾಯಿ ಮುಚ್ಚಿಕೊಂಡೆ.

ಬಾಪ್ಪು ಅಲ್ಲಿಂದಲೇ ಫೋನ್ ಮಾಡಿದರು. ಆ ಕಡೆ ಒಬ್ಬ ಹೆಂಗಸಿನ ದನಿ. ಮಾತು ಇಂಗ್ಲಿಷಿನಲ್ಲಿ ಶುರುವಾಯಿತು.

"ಎಷ್ಟು ಹಳೆಯದು?"

"ಬಹಳ ಹಳೆಯದಲ್ಲ. ನಾನು, ನಮ್ಮ ಯಜಮಾನರು ಇಬ್ಬರೇ ಉಪಯೋಗಿಸಿದ್ದು."

ಬಾಪ್ಪು ಫೋನಿಗೆ ಕೈ ಅಡ್ಡ ಹಿಡಿದು, "ಗಂಡ ಹೆಂಡತಿ ಇಬ್ಬರೂ ನುಡಿಸ್ತಾರಂತೆ!" ಎಂದು ನಮಗೆ ಪಿಸುಗುಟ್ಟಿದರು. ಆಮೇಲೆ, "ಸೌಂಡ್ ಹೇಗೆ?" ಎಂದು ಕೇಳಿದರು.

"ಸೌಂಡೇ ಇಲ್ಲ. ಮೊದಲು ಬರುತ್ತಿತ್ತು. ನಟ್ ಟೈಟ್ ಮಾಡಿಸಿದ ಮೇಲೆ ಎಷ್ಟು ಹೊರಳಾಡಿದರೂ ಕಿಟ್ ಅನ್ನುವುದಿಲ್ಲ."

"ಅಯ್ಯೋ ದೇವ್ರೇ, ಸೌಂಡ್ ಇಲ್ಲದ್ದನ್ನು ತಕೊಂಡು ಎಂತ ಮಾಡುದು?" ಎಂದರು ಬಾಪ್ಪು, ಕನ್ನಡದಲ್ಲಿ.

"ಅಯ್ಯೋ, ನೀವು ಕನ್ನಡದೋರಾ!" ಎಂದು ಆ ಕಡೆಯ ದನಿ ಅರಳಿತು. "ಮೊದ್ಲೇ ಹೇಳ್ಬಾರ್ದಾ? ಬನ್ನಿ ಬನ್ನಿ, ಪಕ್ಕದ್ ಬಿಲ್ಡಿಂಗೇ. ನೋಡಿ, ಕೂತ್ಕೊಂಡು, ಮಲ್ಕೊಂಡು ನೋಡಿ, ಆಮೇಲ್ ಹೇಳಿ."

ಮಲಗಿಕೊಂಡು ಬೇಸ್ ನುಡಿಸುವವರನ್ನು ನಾವು ಯಾರೂ ಕಂಡಿರಲಿಲ್ಲ. ಮಾತಿನ ಧಾಟಿ ಮೈಸೂರಿನದು, ಆ ಕಡೆಯ ಪದ್ಧತಿ ಇರಬಹುದು ಎಂದುಕೊಂಡು ಹೋದೆವು. ಬಾಗಿಲು ತೆರೆದವರು ವಸಂತಾ ಮೇಡಂ, ಮೈಸೂರಿನವರು. ಅವರು ನಮ್ಮನ್ನು ಒಳಕೋಣೆಗೆ ಕರೆದೊಯ್ದು, ಚಾದರ ಸರಿಸಿ, "ನೋಡಿ, ಒಳ್ಳೇ ಮರ" ಎಂದು ಬಡಿದು ತೋರಿಸಿದರು. ಅದು ಹಾಸಿಗೆಯ ಕೆಳಗೆ ಇಡುವ ಬೇಸ್. ಮಂಚ!

ಸ್ಪೆಲಿಂಗ್ ತಪ್ಪಿರಲಿಲ್ಲ. ವಾದ್ಯದ bass ಅಲ್ಲ, ತಳದ base. ಆ ಕನ್ನಡತಿ ಸರಿಯಾಗಿಯೇ ಬರೆದಿದ್ದರು. ನಾವು ಏಕೆ ಬಂದೆವೆಂದು ಹೇಳಿದಾಗ ಅವರು ಅದೇ ಮಂಚದ ಮೇಲೆ ಕುಸಿದು ನಕ್ಕರು. ಅವರು ಹೇಳಿದಂತೆ ಕಿಟ್ ಎನ್ನುವ ಸದ್ದೂ ಬರಲಿಲ್ಲ. ಆಮೇಲೆ ಉಪ್ಪಿಟ್ಟು, ಫಿಲ್ಟರ್ ಕಾಫಿ. ನಗು ಇಳಿದ ಮೇಲೆ ಅವರೇ ಹೇಳಿದರು: "ನಮ್ಮ ಯಜಮಾನ್ರ ಆಫೀಸಲ್ಲಿ ರಾಮೋನ್ ಅಂತ ಒಬ್ರು ಫಿಲಿಪೈನ್ಸ್‌ನೋರಿದ್ದಾರೆ, ಟೀಚರ್. ಸಂಜೆ ಹೊತ್ತು ಬ್ಯಾಂಡಲ್ಲಿ ನಿಮ್ ಥರದ್ ಬೇಸ್ ಬಾರಿಸ್ತಿದ್ರು. ಈಗ ಊರಿಗ್ ವಾಪಸ್ ಹೋಗ್ತಿದ್ದಾರೆ, ಎಲ್ಲಾ ಮಾರ್ತಿದ್ದಾರಂತೆ. ಅಲ್ ಥುಮಾಮಾದಲ್ಲಿ ಮನೆ. ಕೇಳಿಸ್ಲಾ?"

ಮಂಚ ಹುಡುಕಿದವರಿಗೆ ಬೇಸ್ ಸಿಕ್ಕಿತು ಎಂಬುದು ನಮ್ಮ ಮನೆಯಲ್ಲಿ ಈಗ ಗಾದೆಯೇ ಆಗಿದೆ, ನಿಜಕ್ಕೂ ಆದದ್ದು ತಿರುಗುಮುರುಗಾಗಿದ್ದರೂ.

ಅಲ್ ಥುಮಾಮಾ

ಗುರುವಾರ ಆಫೀಸು ಮುಗಿಸಿದ ಅಣ್ಣ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದ. ವಿಮಾನಗಳು ಮನೆಗಳ ಟೆರೇಸಿಗೆ ತಾಗಿಯೇ ಹೋಗುತ್ತಿವೆ ಅನ್ನಿಸುತ್ತಿತ್ತು. ಅಣ್ಣ ಮಾತ್ರ ಕಾರಿನಿಂದ ಇಳಿಯಲಿಲ್ಲ.

"ನೀನು ನೋಡಿದ್ರೆ ಧೈರ್ಯ" ಎಂದೆ.

"ನನಗೆ ಈಗ ಎಂತ ಗೊತ್ತುಂಟು? ಅದೆಲ್ಲ ಖಲಾಸ್" ಎಂದು ಸೀಟನ್ನು ಹಿಂದಕ್ಕೆ ಬಾಗಿಸಿ ಕಣ್ಣು ಮುಚ್ಚಿದ. ನನಗೆ ಬೇಜಾರಾಯಿತು, ಮುಚ್ಚಿಡುವುದೇನು.

ರಾಮೋನ್ ಬೇಸನ್ನು ಟವೆಲ್ಲಿನಲ್ಲಿ ಸುತ್ತಿಟ್ಟಿದ್ದರು. ಕಡು ಕೆಂಪು, ನಮ್ಮ ಕೋಕಂ ಶರಬತ್ತಿನ ಬಣ್ಣ. ಆಂಪ್ಲಿಫೈಯರ್ ಆಗಲೇ ಮಾರಿಹೋಗಿತ್ತು. ಅದಿಲ್ಲದೆ ಬೇಸ್ ನುಡಿಸಿದರೆ ಪಕ್ಕದವರಿಗೂ ಕೇಳದು. ಎಲ್ಲಿ ನುಡಿಸಿ ನೋಡಲಿ ಎಂದು ನಾನು ಕೇಳಿದೆ. ರಾಮೋನ್ ನನ್ನ ಕಡೆ ತುಟಿ ಚೂಪು ಮಾಡಿದರು.

ಬಾಪ್ಪುವಿನ ಮೀಸೆ ಎದ್ದು ನಿಂತಿತು. ನಾನು ಕಿವಿಯವರೆಗೂ ಕೆಂಪಾದೆ. ರಾಮೋನ್ ಮತ್ತೊಮ್ಮೆ, ಇನ್ನಷ್ಟು ಉದ್ದಕ್ಕೆ, ಮುತ್ತಿಡುವವರಂತೆ ತುಟಿ ಮುಂದೆ ಮಾಡಿದರು. "ಎಂತ ಜನ ಇವ, ಹೆಂಡತಿ ಎದುರಲ್ಲೇ!" ಎಂದು ಬಾಪ್ಪು ತೋಳು ಮಡಚತೊಡಗಿದಾಗ ರಾಮೋನರ ಹೆಂಡತಿ ನಗುತ್ತಾ ನನ್ನ ಹಿಂದಿನ ಮರದ ಕಪಾಟನ್ನು ತೋರಿಸಿದರು. ಅವರ ಊರಿನಲ್ಲಿ ದಿಕ್ಕು ತೋರಿಸುವುದು ಬೆರಳಿನಿಂದಲ್ಲ, ತುಟಿಯಿಂದ. ಬೇಸಿನ ತಲೆಯನ್ನು ಕಪಾಟಿಗೆ ಒತ್ತಿ ನುಡಿಸಿ ಎಂದು ಅವರ ಸೂಚನೆ. ಒತ್ತಿ ಒಂದು ತಂತಿ ಮೀಟಿದೆ. ಇಡೀ ಕಪಾಟು ಹೊಟ್ಟೆಯಿಂದ ಗುಂಯ್ ಎಂದಿತು. ಒಳಗಿದ್ದ ಹ್ಯಾಂಗರುಗಳು ತಾಳ ಹಾಕಿದವು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು.

ಇನ್ನು ಚೌಕಾಸಿ. ನಾನು ಮೀನಿನ ಮಾರ್ಕೆಟ್ಟಿನಲ್ಲಿ ತರಬೇತಾದವಳು. ತೀರಾ ಕಡಿಮೆ ಬೆಲೆ ಹೇಳಿದೆ. ರಾಮೋನ್ ಎರಡೂ ಹುಬ್ಬುಗಳನ್ನು ಮೇಲಕ್ಕೆ ಹಾರಿಸಿದರು. ಇಷ್ಟು ಕಡಿಮೆಗೆ ಕೇಳುತ್ತೀಯಾ ಎಂದು ಗಾಬರಿಯಾದರೇನೋ ಎಂದು ನಾಚಿಕೆಯಾಗಿ ಸ್ವಲ್ಪ ಏರಿಸಿದೆ. ಹುಬ್ಬು ಮತ್ತೆ ಹಾರಿತು. ಇನ್ನೂ ಏರಿಸಿದೆ. ಇನ್ನೂ ಹಾರಿತು. ಎಂಥ ಗಟ್ಟಿ ಕುಳ! ಬಾಯಿ ಬಿಡದೆ, ಬರೀ ಹುಬ್ಬಿನಲ್ಲೇ ನನ್ನನ್ನು ಅಂಗೈಯಷ್ಟು ಅಗಲದ ಮೂಲೆಗೆ ತಳ್ಳಿಬಿಟ್ಟರಲ್ಲ! ಬೆವರು ಒರೆಸಿಕೊಂಡು ಇನ್ನೊಂದು ಮೊತ್ತ ಹೇಳುವಷ್ಟರಲ್ಲಿ ಅವರ ಹೆಂಡತಿ ಕೂಗಿಕೊಂಡರು, "ಮೇಡಂ, ನಿಲ್ಲಿಸಿ! ಅವರು ಮೊದಲಿನಿಂದಲೂ ಹೌದು ಹೌದು ಅಂತಲೇ ಹೇಳುತ್ತಿದ್ದಾರೆ!"

ಹುಬ್ಬು ಹಾರಿಸಿದರೆ ಅವರಲ್ಲಿ ಒಪ್ಪಿಗೆ. ಮೊದಲು ಕೇಳಿದ ಬೆಲೆಗೇ ರಾಮೋನ್ ಕೊಟ್ಟರು. "ನೀವು ಇಂಡಿಯಾದವರು ತಲೆ ಹೀಗೆ ಹೀಗೆ ಆಡಿಸುತ್ತೀರಲ್ಲ, ಅದು ಹೌದೋ ಅಲ್ಲವೋ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ" ಎಂದು ನಕ್ಕರು. ಬಾಪ್ಪು ತಲೆ ಆಡಿಸಿದರು. ಹೊರಡುವಾಗ ರಾಮೋನ್ ವಯರ್ ಚುಚ್ಚುವ ತೂತನ್ನು ತುಟಿಯಿಂದಲೇ ತೋರಿಸಿ, "ಇಲ್ಲಿ ಸ್ವಲ್ಪ ಸಡಿಲ. ಜೋಪಾನ" ಎಂದರು.

ಶುಕ್ರವಾರ

ಬೆಳಿಗ್ಗೆ, ನಮ್ಮನ್ನು ಕರೆಸಿದ ಸಂಘದವರೊಬ್ಬರು ಇನ್ನು ಕಟ್ಟಲಿರುವ ಹೊಸ ಊರು ಲುಸೈಲ್ ತೋರಿಸಲು ಕರೆದೊಯ್ದರು. ಮರಳಿನ ನಡುವೆ ಕಾರು ನಿಲ್ಲಿಸಿ, "ಇದು ಮೇನ್ ರೋಡ್, ಅಲ್ಲಿ ದೊಡ್ಡ ಆಫೀಸು, ಇಲ್ಲಿ ಅಂಗಡಿಗಳ ಸಾಲು" ಎಂದು ತೋರಿಸಿದರು. ನಾವು ಅತ್ತ ನೋಡಿದೆವು, ಮರಳು. ಇತ್ತ ನೋಡಿದೆವು, ಮರಳು ಮತ್ತು ಒಂದು ಕ್ರೇನು. ನಮ್ಮಲ್ಲಿ ಊರು ಮೊದಲು ಬೆಳೆದು, ಅದಕ್ಕೆ ರಸ್ತೆ ಬೇಕೆಂದು ಆಮೇಲೆ ಧರಣಿ ಕೂರುತ್ತೇವೆ. ಬಾಪ್ಪು ಮರಳಿನಲ್ಲಿ ಎರಡು ಹೆಜ್ಜೆ ನಡೆದು, "ನಾನೀಗ ಬ್ಯಾಂಕಿನೊಳಗೆ ಇದ್ದೇನಾ?" ಎಂದು ಕೇಳಿದರು. ನನ್ನ ತಲೆಯಲ್ಲಿ ಮಾತ್ರ ಸಂಜೆಯೇ ಇತ್ತು.

ಸಂಜೆ ಬಾಡಿಗೆಗೆ ಪಡೆದ ಒಂದು ಶಾಲೆಯ ಹಾಲಿನಲ್ಲಿ ಕಾರ್ಯಕ್ರಮ. ಅಣ್ಣ ಹೊಸ ಸೂಟು ಹಾಕಿಕೊಂಡು ಬಂದಿದ್ದ. ಮುಂದಿನ ಸಾಲಿನಲ್ಲಿ ಅವನಿಗೆ ಒಂದು ಕುರ್ಚಿ ಹಿಡಿದಿಡಿ ಎಂದು ನಾನು ಹೇಳುವ ಮೊದಲೇ ಅವನೆಂದ, "ನಾನು ಊಟದ ಕಡೆ ನೋಡಿಕೊಳ್ತೇನೆ. ಹಿಂದಿನ ಹಾಲಲ್ಲಿ. ಜನ ಕಡಿಮೆ ಉಂಟು ಅಂತ ನಾನೇ ಹೆಸರು ಕೊಟ್ಟೆ."

"ನೀನೇ ಕೊಟ್ಟೆಯಾ?"

"ಹೌದಪ್ಪ. ಯಾರಾದ್ರೂ ನೋಡ್ಬೇಕಲ್ಲ?" ಎಂದು ಸೂಟಿನ ಮೇಲೆ ಏಪ್ರನ್ ಕಟ್ಟಿಕೊಳ್ಳುತ್ತಾ ಹೋದ.

ಅಷ್ಟು ದೂರ ಹಾರಿ ಬಂದು, ಮಂಚ ತಟ್ಟಿ, ಹುಬ್ಬುಗಳ ಜೊತೆ ಚೌಕಾಸಿ ಮಾಡಿ, ಕೊನೆಗೆ ನನ್ನ ಅಣ್ಣ ಗೋಡೆಯ ಆಚೆ ನಮ್ಮವರ ಸಮಾರಂಭಕ್ಕೆ ಬೇಕೇ ಬೇಕಾದ ಹಂದಿ ಮಾಂಸವೂ ಇಲ್ಲದ ಊಟಕ್ಕೆ ಕಾವಲು! ಅಳು ಬಂತು. ಅದನ್ನು ನುಂಗಿ ವೇದಿಕೆ ಹತ್ತಿದೆ.

ಹಾಡುಗಳು ಶುರುವಾದವು. ಜನ ಕುರ್ಚಿಗಳನ್ನು ತಾವೇ ಪಕ್ಕಕ್ಕೆ ಎಳೆದು ಕುಣಿದರು. ವಸಂತಾ ಮೇಡಂ ಕೂಡ ಗಂಡನ ಕೈ ಹಿಡಿದು ಎಳೆದಾಡುತ್ತಿದ್ದರು. ನಾಲ್ಕನೆಯದೋ ಐದನೆಯದೋ ಹಾಡಿನ ನಡುವೆ ನನ್ನ ಬೇಸ್ ಸತ್ತುಹೋಯಿತು. ಆ ಸಡಿಲ ತೂತು! ಬೆರಳು ಮೀಟುತ್ತಿದೆ, ಸ್ವರ ಇಲ್ಲ. ಹಾಡು ನಡೆಯುತ್ತಲೇ ಇತ್ತು. ಏನು ನಿಂತಿತೆಂದು ಕುಣಿಯುವವರಿಗೆ ಗೊತ್ತಾಗಲಿಲ್ಲ, ಆದರೆ ಹೆಜ್ಜೆಗಳು ಸಪ್ಪೆಯಾದವು. ಒಬ್ಬಾಕೆ ಬಗ್ಗಿ ತನ್ನ ಚಪ್ಪಲಿಯ ಪಟ್ಟಿ ಕಿತ್ತಿದೆಯೇ ಎಂದು ನೋಡಿಕೊಂಡಳು. ಉಪ್ಪು ಹಾಕದ ಸಾರು ಉಣ್ಣುವವರ ಮುಖ ಹಾಗೇ ಇರುತ್ತದೆ.

ಅಷ್ಟರಲ್ಲಿ ಹಿಂದಿನ ಬಾಗಿಲು ಧಡಾರನೆ ತೆರೆಯಿತು. ಏಪ್ರನ್ ಕಟ್ಟಿದ ಅಣ್ಣ, ಕೈಯಲ್ಲಿ ಸಾಂಬಾರಿನ ಸೌಟು, ಕುಣಿಯುವವರ ನಡುವೆ ದಾರಿ ಮಾಡಿಕೊಂಡು ಓಡಿಬಂದ. ಸೌಟನ್ನು ಯಾರದೋ ಕೈಗೆ ಕೊಟ್ಟ. ವೇದಿಕೆಗೆ ಹಾರಿ, ನನ್ನ ಪಕ್ಕ ಮೊಣಕಾಲೂರಿ, ವಯರಿನ ತುದಿಯನ್ನು ಬೇಸಿನೊಳಗೆ ಒತ್ತಿ ಹಿಡಿದ. ಗುಂಯ್! ಹಾಲು ಮತ್ತೆ ಎದ್ದಿತು.

ಕೈ ಬಿಟ್ಟರೆ ಸದ್ದು ನಿಲ್ಲುತ್ತಿತ್ತು. ಹಾಗಾಗಿ ಅವನು ಬಿಡಲೇ ಇಲ್ಲ. ನಾನು ಅಲುಗಾಡದೆ ನುಡಿಸಬೇಕು. ಅವನು ಬೇಸಿಗೆ ಕಿವಿ ತಾಗಿಸಿ ಮಂಡಿಯೂರಿ ಕೂರಬೇಕು. ದೋಹಾದ ಕರಾವಳಿಯವರೆಲ್ಲ ಫೋಟೋ ತೆಗೆದರು.

"ನಿನಗೆ ಹೇಗೆ ಗೊತ್ತಾಯ್ತು?" ಎಂದು ನುಡಿಸುತ್ತಲೇ ಕಿರುಚಿದೆ.

"ಗೋಡೆಯ ಆಚೆ ಬೇರೆ ಎಂತದೂ ಕೇಳುದಿಲ್ಲ ಮಾರಾಯ್ತಿ!" ಎಂದು ಅವನೂ ಕಿರುಚಿದ. "ಬಾಪ್ಪುವಿನ ಹಾಡು ಇಲ್ಲ, ಕೀಬೋರ್ಡ್ ಇಲ್ಲ. ಗೋಡೆ ದಾಟಿ ಬರುದು ನಿನ್ನ ಬೇಸ್ ಮಾತ್ರ. ಮೊದಲ ಹಾಡಿಂದ ನಾನು ನಿನ್ನೊಬ್ಬಳನ್ನೇ ಕೇಳ್ತಾ ಇದ್ದೆ!"

ನನ್ನ ಕಣ್ಣು ಮಂಜಾಯಿತು. ಅದೇ ಹೊತ್ತಿಗೆ ಅವನು ನನ್ನ ಸೀರೆಯ ನೆರಿಗೆ ಹಿಡಿದು ಎಳೆದ. "ತಪ್ಪು! ಮೂರನೇ ಸಾಲು, ತಪ್ಪು ಸ್ವರ!"

"ನೀನೇ ಕಲಿಸಿದ್ದು!"

"ನಾನಾ? ಹಾಗೆ ಕಲಿಸಿದ್ದಾ?"

"ಹೌದು! ಊರಿನ ಎಲ್ಲ ಮದುವೆಗೂ ಅದನ್ನೇ ನುಡಿಸಿದ್ದೇನೆ!"

ಅಣ್ಣ ವಯರು ಬಿಡದೆ, ಇನ್ನೊಂದು ಕೈಯ ಬೆರಳುಗಳಿಂದ ಆ ಸಾಲನ್ನು ಗಾಳಿಯಲ್ಲೇ ಮೀಟಿ ನೋಡಿದ. "ಹಾಗಾದ್ರೆ ಸರಿಯಾದ್ದು ಯಾವುದು?" ಎಂದು ಕೊನೆಗೆ ಕೇಳಿದ. ನನಗೆ ಹೇಗೆ ಗೊತ್ತಿರಬೇಕು?

ಹೊರಡುವ ದಿನ

ಅಣ್ಣನ ಹಳೆಯ ಬೇಸ್ ಭಾನುವಾರ ಸಿಕ್ಕಿತು. ಬೇರೆ ಯಾವುದೋ ದೇಶ ನೋಡಿಕೊಂಡು, ಮೈಮೇಲೆ ಇನ್ನೊಂದು ಚೀಟಿ ಅಂಟಿಸಿಕೊಂಡು ಬಂದಿತ್ತು. ಇದನ್ನು ನೀನೇ ಇಟ್ಟುಕೋ ಎಂದೆ. "ಅದು ನಿನ್ನದು" ಎಂದು ಖಡಾಖಂಡಿತವಾಗಿ ಹೇಳಿದ. ಕೆಂಪು ಬೇಸನ್ನು ಮಾರಿಬಿಡುವುದಾಗಿ ಒಪ್ಪಿಕೊಂಡು, ಚೀಟಿ ಬರೆಸಿಕೊಂಡು, ಸೂಪರ್ ಮಾರ್ಕೆಟ್ಟಿನ ಹಲಗೆಗೆ ಅಂಟಿಸುತ್ತೇನೆಂದು ಜೇಬಿಗೆ ಹಾಕಿಕೊಂಡ. ಸ್ಪೆಲಿಂಗನ್ನು ನಾನೇ ನೋಡಿ ಕೊಟ್ಟಿದ್ದೆ.

ಮಂಗಳವಾರ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆಯನ್ನು ಗಾಡಿಗೆ ಎತ್ತಿಡುವಾಗ ಅವನು "ಸ್ಸ್" ಎಂದ. ನೋಡಿದೆ. ಬಲಗೈಯ ಎರಡು ಬೆರಳುಗಳ ತುದಿಗೆ ಪ್ಲಾಸ್ಟರು.

"ಎಂತ ಆಯ್ತು?"

"ಆಫೀಸಲ್ಲಿ ಸ್ಟೇಪ್ಲರ್ ತಾಗಿತು."

"ಎರಡು ಬೆರಳಿಗೂ?"

"ದೊಡ್ಡ ಸ್ಟೇಪ್ಲರ್."

ಆ ಕೈ ಹಿಡಿದು ಪ್ಲಾಸ್ಟರ್ ಬಿಡಿಸಿದೆ. ತುದಿಯಲ್ಲಿ ದಪ್ಪ ಬೊಬ್ಬೆಗಳು, ಒಂದು ಒಡೆದಿತ್ತು. ಬಹುಕಾಲ ಬಿಟ್ಟವರು ದಪ್ಪ ತಂತಿಯನ್ನು ಗಂಟೆಗಟ್ಟಲೆ ಮೀಟಿದರೆ ಏಳುವ ಬೊಬ್ಬೆ. ಅವನು ಕಲಿಸಿದ ಆ ಮೊದಲ ವಾರ ನನಗೂ ಎದ್ದಿತ್ತು. ಆಗ ಊದಿ ಊದಿ ಆರಿಸಿದವನು ಅವನೇ.

ಹಿಂದಿನಿಂದ ಬಾಪ್ಪು "ಯಲ್ಲಾ, ಯಲ್ಲಾ" ಎಂದು ಹೊಸದಾಗಿ ಕಲಿತ ಅರಬ್ಬಿಯಲ್ಲಿ ಅವಸರ ಮಾಡುತ್ತಿದ್ದರು. ನಾನು ಅವನ ಬೆರಳುಗಳನ್ನು ಬಾಯಿಯ ಹತ್ತಿರ ಹಿಡಿದು ಊದಿದೆ. ಅಣ್ಣ ಸುತ್ತ ಒಮ್ಮೆ ನೋಡಿ, ಕಿವಿಯ ಬಳಿ ಬಗ್ಗಿ, "ಆ ಮೂರನೇ ಸಾಲು ಸಿಕ್ಕಿತು ಜೂಲಿ" ಎಂದ.